ಮಗುವಿನ ಲಿವರ್ ಗಡ್ಡೆ: ಸೂಜಿಯಲ್ಲಿ ಬಂದ ಕೋಶಗಳಿಂದ ಎಷ್ಟು ತಿಳಿಯುತ್ತದೆ?

ಪ್ರಶ್ನೆ: ನಮ್ಮ 14 ತಿಂಗಳ ಮಗಳ ಲಿವರ್‌ನಲ್ಲಿ ಗಡ್ಡೆ ಇದೆ. ರಕ್ತದ ಎಎಫ್‌ಪಿ (ಭ್ರೂಣದ ಲಿವರ್ ಮಾಡುವ, ಕೆಲವು ಲಿವರ್ ಗಡ್ಡೆಗಳಲ್ಲಿ ಏರುವ ಪ್ರೋಟೀನ್) ಲಕ್ಷ ದಾಟಿದೆ. ಸಣ್ಣ ಸೂಜಿಯಿಂದ ಕೋಶ ತೆಗೆದು ನೋಡಿದ ವರದಿಯಲ್ಲಿ ‘ಹೆಪಟೊಬ್ಲಾಸ್ಟೋಮಾಕ್ಕೆ ಹೊಂದುತ್ತದೆ’ ಎಂದಿದೆ; ಅದು ಎಳೆ ಮಕ್ಕಳ ಲಿವರ್ ಕ್ಯಾನ್ಸರ್ ಅಂತೆ. ಇಷ್ಟಾದ ಮೇಲೂ ಬಯಾಪ್ಸಿ ಬೇಕಂತೆ. ಮತ್ತೆ ಚುಚ್ಚುವುದೇಕೆ? ಗಡ್ಡೆ ಹರಡುವುದಿಲ್ಲವೇ?

ಈ ವಯಸ್ಸು, ಈ ಎಎಫ್‌ಪಿ, ಈ ಕೋಶಗಳು, ಮೂರೂ ಒಂದೇ ಕಡೆ ಬೆರಳು ಮಾಡುತ್ತಿವೆ. ರೋಗದ ಹೆಸರಿನ ಬಗ್ಗೆ ನಿಮ್ಮ ವೈದ್ಯರಿಗೆ ದೊಡ್ಡ ಅನುಮಾನ ಇರಲಾರದು. ಬಯಾಪ್ಸಿ ಕೇಳುತ್ತಿರುವುದು ಅದರ ಮುಂದಿನ ಪ್ರಶ್ನೆಗಳಿಗಾಗಿ. ಸಣ್ಣ ಸೂಜಿಯಲ್ಲಿ ಬರುವುದು ಬಿಡಿ ಕೋಶಗಳು ಮತ್ತು ಪುಟ್ಟ ಗುಂಪುಗಳು. ಗಡ್ಡೆ ಮಾರಕವೇ, ಲಿವರ್ ಕೋಶದ ಜಾತಿಯದೇ ಎಂಬುದನ್ನು ಅವು ಚೆನ್ನಾಗಿಯೇ ಹೇಳುತ್ತವೆ. ಒಳಗಿನ ಕಟ್ಟಣೆ ಹೇಗಿದೆ, ಬೇರೆ ಬಗೆಯ ಭಾಗಗಳಿವೆಯೇ ಎಂಬುದಕ್ಕೆ, ಹಲವು ವಿಶೇಷ ಸ್ಟೇನ್‌ಗಳಿಗೆ (ಕೋಶ ಗುರುತಿಸಲು ಹಾಕುವ ಬಣ್ಣಗಳಿಗೆ), ಜೀನ್ ಪರೀಕ್ಷೆಗೆ ಅಂಗಾಂಶದ ತುಂಡೇ ಬೇಕು. ಸಾಮಾನ್ಯವಾಗಿ 16 ಅಥವಾ 18 ಗೇಜ್ ಸೂಜಿಯಿಂದ ಗಡ್ಡೆಯ ಒಂದಕ್ಕಿಂತ ಹೆಚ್ಚು ಜಾಗಗಳಿಂದ ಹಲವು ತುಂಡು ತೆಗೆಯುತ್ತಾರೆ.

ಹರಡುವ ಭಯಕ್ಕಿಂತ ರಕ್ತಸ್ರಾವದ ಭಯವೇ ಇಲ್ಲಿ ನಿಜವಾದದ್ದು. ಅದಕ್ಕೇ ಪ್ಲೇಟ್‌ಲೆಟ್ ಮತ್ತು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮೊದಲು ಆಗಬೇಕು. ಸೂಜಿಯನ್ನು ನೇರ ಗಡ್ಡೆಯ ಮೈಗೆ ಚುಚ್ಚದೆ, ಅಲ್ಟ್ರಾಸೌಂಡ್ ನೋಡುತ್ತ, ಸ್ವಲ್ಪ ಆರೋಗ್ಯವಂತ ಲಿವರ್ ದಾಟಿಸಿ ಒಯ್ಯುತ್ತಾರೆ. ಆ ಅಂಗಾಂಶ ರಂಧ್ರವನ್ನು ಒತ್ತಿ ಹಿಡಿಯುತ್ತದೆ, ಗಡ್ಡೆಯ ಕೋಶ ಹೊಟ್ಟೆಯೊಳಗೆ ಚೆಲ್ಲುವುದೂ ಕಡಿಮೆ. ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕುವ ಭಾಗದಲ್ಲೇ ಈ ದಾರಿ ಬರುವಂತೆ ಸರ್ಜನ್ ಜತೆ ಮೊದಲೇ ಮಾತಾಡಿಕೊಂಡಿರುವುದು ಒಳ್ಳೆಯದು. ಸೂಜಿ ಹೋದ ದಾರಿಯಲ್ಲಿ ಗಡ್ಡೆ ಬೆಳೆಯುವುದು ಅಪರೂಪ.

ಒಂದು ಮಾತು. ‘ಶುದ್ಧ ಫೀಟಲ್’ (ಕೋಶಗಳೆಲ್ಲ ಭ್ರೂಣದ ಲಿವರ್ ಕೋಶದಂತಿರುವ) ಎಂಬ ಸೌಮ್ಯ ಪ್ರಭೇದದ ಬಗ್ಗೆ ಎಲ್ಲೋ ಓದಿ, ವರದಿಯಲ್ಲಿ ‘ಫೀಟಲ್’ ಎಂಬ ಪದ ಕಂಡರೆ ಕೀಮೋ ಬೇಡವೇನೋ ಎಂದುಕೊಳ್ಳಬೇಡಿ. ಕೀಮೋಗೆ ಮೊದಲೇ ಪೂರ್ತಿ ತೆಗೆದ ಗಡ್ಡೆಯನ್ನು ನೋಡಿ ಮಾತ್ರ ಆ ತೀರ್ಮಾನ ಕೊಡಬಹುದು. ಸೂಜಿಯ ಮಾದರಿಯಿಂದಲೂ ಬಯಾಪ್ಸಿ ತುಂಡಿನಿಂದಲೂ ಅದು ಆಗದು.

ಪ್ರಶ್ನೆ: ಎರಡು ತಿಂಗಳ ಮಗುವಿನ ಎಎಫ್‌ಪಿ 350 ಇದೆ, ಸ್ಕ್ಯಾನಿನಲ್ಲಿ ಲಿವರ್ ಗಡ್ಡೆ. ಕ್ಯಾನ್ಸರ್ ಎಂದೇ ತಿಳಿಯಬೇಕೇ?

ಇಲ್ಲ. ಹುಟ್ಟಿದಾಗ ಎಎಫ್‌ಪಿ ಒಂದು ಮಿಲಿಲೀಟರ್‌ಗೆ ಹತ್ತಾರು ಸಾವಿರ ನ್ಯಾನೋಗ್ರಾಂ ಇರುತ್ತದೆ. ಮೊದಲ ವಾರಗಳಲ್ಲಿ ಸುಮಾರು 5–6 ದಿನಕ್ಕೊಮ್ಮೆ ಅರ್ಧಕ್ಕಿಳಿದು, ಎಂಟು ತಿಂಗಳ ಹೊತ್ತಿಗೆ ದೊಡ್ಡವರ ಮಟ್ಟದ ಹತ್ತಿರ ಬರುತ್ತದೆ. ಎರಡು ತಿಂಗಳಿಗೆ ಕೆಲವು ನೂರು ಇರುವುದು ಸಹಜ. ಆರು ತಿಂಗಳೊಳಗಿನ ಮಗುವಿನಲ್ಲಿ ಹೆಮಾಂಜಿಯೋಮಾ ಎಂಬ ರಕ್ತನಾಳದ ಗಡ್ಡೆಯನ್ನು ಮೊದಲು ನೆನೆಯಬೇಕು. ಸ್ಕ್ಯಾನ್ ಚಿತ್ರ ಅದಕ್ಕೆ ಸ್ಪಷ್ಟವಾಗಿ ಹೊಂದಿದರೆ ಸೂಜಿ ಹಾಕಲೇಬಾರದು. ಬರುವುದು ಬರೀ ರಕ್ತ, ಎದುರಾಗುವುದು ರಕ್ತಸ್ರಾವ.

ಇದರ ತಿರುವೂ ಇದೆ. ದೊಡ್ಡ ಗಡ್ಡೆ, ಕಡಿಮೆ ಎಎಫ್‌ಪಿ ಎಂದರೆ ನಿರಾಳವಾಗುವಂತಿಲ್ಲ. 100ಕ್ಕಿಂತ ಕಡಿಮೆ ಇರುವ ಕೆಲವು ಗಡ್ಡೆಗಳೇ ಹೆಚ್ಚು ಉಗ್ರ, ರ‍್ಯಾಬ್ಡಾಯ್ಡ್ ಗಡ್ಡೆ ಎಂಬ ಇನ್ನೊಂದು ಉಗ್ರ ಕ್ಯಾನ್ಸರೂ ಅಲ್ಲಿ ಅಡಗಿರಬಹುದು. ಎಎಫ್‌ಪಿ ಅತಿಯಾಗಿದ್ದಾಗ ಯಂತ್ರವೇ ತಪ್ಪಾಗಿ ಕಡಿಮೆ ತೋರಿಸುವುದೂ ಉಂಟು. ಹೊಂದಿಕೆಯಾಗದ ಸಂಖ್ಯೆ ಬಂದರೆ ಸೀರಂ ತೆಳುಮಾಡಿ ಮತ್ತೆ ಅಳೆಯಲು ಹೇಳಿ.

ಪ್ರಶ್ನೆ: ನಾನು ಪೆಥಾಲಜಿ ಸ್ನಾತಕೋತ್ತರ ವಿದ್ಯಾರ್ಥಿ. ಸ್ಲೈಡಿನಲ್ಲಿ ಫೀಟಲ್ ಕೋಶಗಳನ್ನು ಸಹಜ ಲಿವರ್ ಕೋಶಗಳಿಂದ, ಎಂಬ್ರಿಯೋನಲ್ (ಫೀಟಲ್‌ಗಿಂತಲೂ ಎಳೆಯ ಹಂತದ) ಕೋಶಗಳನ್ನು ನ್ಯೂರೋಬ್ಲಾಸ್ಟೋಮಾದಿಂದ (ನರಕೋಶ ಮೂಲದ ಮಕ್ಕಳ ಕ್ಯಾನ್ಸರ್) ಬೇರ್ಪಡಿಸುವುದು ಹೇಗೆ?

ಮೊದಲನೆಯದೇ ಹೆಚ್ಚು ಮೋಸ ಮಾಡುವುದು. ಸಹಜ ಲಿವರ್ ಕೋಶ ದೊಡ್ಡದು, ಹಲಮೂಲೆಯದು. ನ್ಯೂಕ್ಲಿಯಸ್ ಗಾತ್ರದಲ್ಲಿ ಏರುಪೇರು, ಅಲ್ಲಲ್ಲಿ ಜೋಡಿ ನ್ಯೂಕ್ಲಿಯಸ್, ಪಕ್ಕದಲ್ಲೆಲ್ಲೋ ಪಿತ್ತನಾಳದ ಕೋಶಗಳ ಹಾಳೆ. ಫೀಟಲ್ ಕೋಶಗಳು ಅದಕ್ಕಿಂತ ಚಿಕ್ಕವು, ಎಲ್ಲವೂ ಒಂದೇ ಅಳತೆಯವು, ಒತ್ತೊತ್ತಾಗಿ ಸಾಲುಗಟ್ಟಿ ಅಥವಾ ಗುಂಪುಗಟ್ಟಿ ನಿಂತಿರುತ್ತವೆ. ಗ್ಲೈಕೋಜನ್, ಕೊಬ್ಬಿನಿಂದ ಸೈಟೊಪ್ಲಾಸಂ ನೊರೆನೊರೆಯಾಗಿರಬಹುದು. ಪಿತ್ತನಾಳದ ಕೋಶ ಸಿಗುವುದಿಲ್ಲ. ಹೀಗಾಗಿ ಇಲ್ಲಿ ಏಕರೂಪತೆಯೇ ಅನುಮಾನಕ್ಕೆ ಕಾರಣ, ವಿಕಾರವಲ್ಲ.

ನಡುವೆ ರಕ್ತ ಹುಟ್ಟಿಸುವ ಕೋಶಗಳನ್ನು ಹುಡುಕಿ. ಗಿಮ್ಸಾ ಸ್ಟೇನ್ ಹಾಕಿದ ಸ್ಲೈಡಿನಲ್ಲಿ ಗುಂಡಗೆ, ಕಪ್ಪಾಗಿ, ನಯವಾದ ಅಂಚಿನ ಎರಿಥ್ರೋಬ್ಲಾಸ್ಟ್‌ಗಳು ಕಾಣುತ್ತವೆ. ಇವನ್ನೇ ಲಿಂಫೋಸೈಟ್ ಎಂದೋ ನ್ಯೂರೋಬ್ಲಾಸ್ಟೋಮಾ ಎಂದೋ, ಜತೆಗಿರುವ ಮೆಗಾಕ್ಯಾರಿಯೊಸೈಟನ್ನು (ಪ್ಲೇಟ್‌ಲೆಟ್ ಹುಟ್ಟಿಸುವ ದೊಡ್ಡ ಕೋಶ) ಗಡ್ಡೆಯ ದೈತ್ಯಕೋಶ ಎಂದೋ ಬರೆದುಬಿಡುವುದು ಸಾಮಾನ್ಯ ತಪ್ಪು. ಎಳೆಗೂಸಿನ ಸಹಜ ಲಿವರ್‌ನಲ್ಲೂ ಇವು ಇರಬಲ್ಲವು. ಒಂದು ವರ್ಷ ದಾಟಿದ ಮಗುವಿನಲ್ಲಿ ಕಂಡರೆ ತೂಕ ಹೆಚ್ಚು.

ಎಂಬ್ರಿಯೋನಲ್ ಕೋಶಗಳು ಕಡಿಮೆ ಸೈಟೊಪ್ಲಾಸಂನ, ಕೋನಕೋನದ, ಒಂದರ ಮೇಲೊಂದು ಏರಿದ ಕಪ್ಪು ನ್ಯೂಕ್ಲಿಯಸ್‌ಗಳು. ಸುತ್ತುಗಟ್ಟಿದಾಗ ನಡುವೆ ಖಾಲಿ ಜಾಗ ಉಳಿಯುತ್ತದೆ. ನ್ಯೂರೋಬ್ಲಾಸ್ಟೋಮಾದ ಸುತ್ತಿನ ನಡುವೆ ನವಿರಾದ ನಾರಿನ ಜಾಲ ಇರುತ್ತದೆ. ಎಂಬ್ರಿಯೋನಲ್ ಇದ್ದ ಕಡೆ ಫೀಟಲ್ ಕೋಶವೂ ಸಾಮಾನ್ಯವಾಗಿ ಇರುತ್ತದಾದ್ದರಿಂದ ಎಲ್ಲ ಸ್ಲೈಡುಗಳನ್ನೂ ಮೂಲೆಮೂಲೆ ತಡಕಿ. ಅಡ್ರೀನಲ್ ಸ್ಕ್ಯಾನ್, ಮೂತ್ರದ ವಿಎಂಎ (ನ್ಯೂರೋಬ್ಲಾಸ್ಟೋಮಾದಲ್ಲಿ ಏರುವ ವಸ್ತು) ಕೇಳದೆ ಇದನ್ನು ತೀರ್ಮಾನಿಸಬೇಡಿ.

ಸೆಲ್ ಬ್ಲಾಕ್ (ಸೂಜಿಯ ಕೋಶಗಳನ್ನು ಒಟ್ಟುಗೂಡಿಸಿ ಮಾಡಿದ ಮೇಣದ ತುಂಡು) ಸಣ್ಣದಿದ್ದರೆ ಸ್ಟೇನ್‌ಗಳನ್ನು ಎಣಿಸಿ ಬಳಸಿ. ಬೀಟಾ ಕ್ಯಾಟೆನಿನ್ ಪ್ರೋಟೀನ್ ನ್ಯೂಕ್ಲಿಯಸ್‌ನಲ್ಲಿ ಕಂಡರಷ್ಟೇ ಲೆಕ್ಕ, ಕೋಶದ ಅಂಚಿನಲ್ಲಿರುವುದು ಸಹಜ. ಗ್ಲಿಪಿಕಾನ್ 3 ಒಳ್ಳೆಯದು, ಆದರೆ ಎಳೆಗೂಸಿನ ಲಿವರ್‌ನಲ್ಲೂ ಯೋಕ್ ಸ್ಯಾಕ್ ಗಡ್ಡೆಯಲ್ಲೂ (ಜನನಕೋಶ ಮೂಲದ ಗಡ್ಡೆ) ಬರುತ್ತದೆ. ಸಣ್ಣ ಕೋಶಗಳೇ ತುಂಬಿದ್ದರೆ ಐಎನ್‌ಐ 1 ಪ್ರೋಟೀನಿನ ಸ್ಟೇನ್ ಬಿಡಲೇಬಾರದು. ಅದು ಕಳೆದುಹೋಗಿದ್ದರೆ ರ‍್ಯಾಬ್ಡಾಯ್ಡ್ ಗಡ್ಡೆ, ಚಿಕಿತ್ಸೆಯೇ ಬೇರೆ. ದೊಡ್ಡ ಮಕ್ಕಳಲ್ಲಿ ದಪ್ಪ ಸಾಲುಗಳು, ಎದ್ದುಕಾಣುವ ನ್ಯೂಕ್ಲಿಯೋಲಸ್ ಕಂಡಾಗ ಹೆಪಟೊಸೆಲ್ಯುಲರ್ ಕಾರ್ಸಿನೋಮಾ ಮತ್ತು ಮ್ಯಾಕ್ರೋಟ್ರಾಬೆಕ್ಯುಲರ್ ಹೆಪಟೊಬ್ಲಾಸ್ಟೋಮಾ ಬೇರ್ಪಡಿಸಲು ಸ್ಮಿಯರ್ ಸಾಲದು. ಅಂಗಾಂಶ ಬೇಕು ಎಂದು ಬರೆಯಲು ಸಂಕೋಚ ಬೇಡ. 2014ರ ಅಂತರರಾಷ್ಟ್ರೀಯ ವರ್ಗೀಕರಣವೇ ಎರಡರ ನಡುವಿನ ಗಡ್ಡೆಗಳಿಗೆ ತಾತ್ಕಾಲಿಕ ಗುಂಪೊಂದನ್ನು ಇಟ್ಟಿದೆ.

ಪ್ರಶ್ನೆ: ನಾವು ಕಳಿಸುವ ಸ್ಲೈಡುಗಳು ‘ಓದಲಾಗದು’ ಎಂದು ವಾಪಸು ಬರುತ್ತಿವೆ. ಎಲ್ಲಿ ಕೆಡುತ್ತಿದೆ?

ಹೆಚ್ಚಾಗಿ ಮೂರು ಕಡೆ. 22–23 ಗೇಜ್ ಸೂಜಿಯಲ್ಲಿ ಹೆಚ್ಚು ಹೀರಿದರೆ ರಕ್ತವೇ ತುಂಬುತ್ತದೆ, ಸೂಜಿಯ ಬುಡದಲ್ಲಿ ದ್ರವ ಕಂಡೊಡನೆ ಹೀರುವುದು ನಿಲ್ಲಿಸಿ ಹೊರತೆಗೆಯಿರಿ. ಪ್ಯಾಪ್ ಸ್ಟೇನ್‌ಗೆ ಇಟ್ಟ ಸ್ಲೈಡು ಹಸಿಯಾಗಿದ್ದಾಗಲೇ 95% ಆಲ್ಕೊಹಾಲ್‌ನಲ್ಲಿ ಮುಳುಗಬೇಕು, ತಡವಾದರೆ ನ್ಯೂಕ್ಲಿಯಸ್ ಉಬ್ಬಿ ವಿವರ ಅಳಿಸುತ್ತದೆ. ಗಿಮ್ಸಾ ಸ್ಲೈಡು ಇದಕ್ಕೆ ತದ್ವಿರುದ್ಧ, ತೆಳ್ಳಗೆ ಎಳೆದು ಬೇಗ ಒಣಗಿಸಿ.

ಮೂರನೆಯದು ಯಾರ ಗಮನಕ್ಕೂ ಬಾರದ್ದು. ಒಣಗಿದ, ಸ್ಟೇನ್ ಆಗದ ಸ್ಲೈಡುಗಳನ್ನು ಫಾರ್ಮಲಿನ್ ಡಬ್ಬಿಯ ಜತೆ ಒಂದೇ ಚೀಲದಲ್ಲಿ ಕಳಿಸುವುದು. ಆವಿ ತಾಗಿ ಗಿಮ್ಸಾ ಬಣ್ಣ ಮಂಕು ನೀಲಿಗೆ ತಿರುಗುತ್ತದೆ, ಕೋಶದ ವಿವರ ಹೋಗುತ್ತದೆ. ಬೇರೆ ಬೇರೆ ಚೀಲಗಳಲ್ಲಿ ಕಳಿಸಿ. ಉಳಿದದ್ದನ್ನು ಸೂಜಿಯಿಂದ 10% ಬಫರ್ಡ್ ಫಾರ್ಮಲಿನ್‌ಗೆ ತೊಳೆದು ಸೆಲ್ ಬ್ಲಾಕ್‌ಗೆ ಕೊಡಿ. ಚೀಟಿಯಲ್ಲಿ ವಯಸ್ಸನ್ನು ತಿಂಗಳುಗಳಲ್ಲಿ, ಎಎಫ್‌ಪಿಯನ್ನು ಅಳೆದ ದಿನಾಂಕದೊಂದಿಗೆ, ಗಡ್ಡೆ ಒಂದೋ ಹಲವೋ, ಕೀಮೋ ಶುರುವಾಗಿದೆಯೋ ಎಂಬುದನ್ನು ತಪ್ಪದೆ ಬರೆಯಿರಿ.