ಕೌದಿಗೆ ಯಾವ ಬಟ್ಟೆ, ಯಾವ ಬಣ್ಣ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಹಳೆ ಸೀರೆಗಳಿಂದ ಏನೇನು ಮಾಡಬಹುದು ಅಂತ ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೌದಿಯ ಬಗ್ಗೆಯೇ. ಹೊಲಿಗೆ ಎಲ್ಲರಿಗೂ ಬರುತ್ತದೆ, ಬಣ್ಣ ಜೋಡಿಸುವಾಗಲೇ ಕೈ ನಡುಗುತ್ತದೆ ಅಂತ ಕಾಣುತ್ತದೆ.

ಅಕ್ಕಾ, ಅವ್ವನ ಆರು ಇಳಕಲ್ ಸೀರೆ ನನ್ನ ಹತ್ತಿರ ಉಳಿದಿವೆ. ಎರಡು ಕೆಂಪು, ಒಂದು ಕಡು ಹಸಿರು, ಒಂದು ನೇರಳೆ, ಒಂದು ನೀಲಿ, ಒಂದು ಕಪ್ಪು ಚಂದ್ರಕಾಳಿ. ಒಂದೊಂದೂ ಚೆಂದ. ಆದರೆ ನೆಲದ ಮೇಲೆ ತುಂಡು ಹರವಿ ನೋಡಿದರೆ ಎಲ್ಲಾ ಸೇರಿ ಕತ್ತಲೆ ಗುಡ್ಡೆ ಹಾಕಿದಂತೆ ಕಾಣುತ್ತಿದೆ. ಎಲ್ಲಿ ತಪ್ಪಿದೆ?
(ಬಾಗಲಕೋಟೆಯ ಓದುಗರು)

ನೀವೇ ಹೇಳಿಬಿಟ್ಟಿರಲ್ಲ, ಕತ್ತಲೆ ಅಂತ! ಆರು ಸೀರೆಯಲ್ಲಿ ಐದು ಬಣ್ಣ ಇದ್ದರೂ ಆರೂ ಒಂದೇ ಸಮ ಕಡು. ಕೌದಿಯಲ್ಲಿ ಕಣ್ಣು ಮೊದಲು ನೋಡುವುದು ಕೆಂಪೋ ಹಸಿರೋ ಅಂತಲ್ಲ, ಯಾವುದು ತಿಳಿ, ಯಾವುದು ಕಡು ಅಂತ. ನಂಬಿಕೆ ಬರದಿದ್ದರೆ ಹರವಿದ ತುಂಡುಗಳ ಫೋಟೊ ತೆಗೆದು ಮೊಬೈಲಿನಲ್ಲೇ ಕಪ್ಪುಬಿಳುಪು ಮಾಡಿ ನೋಡಿ. ನಿಮ್ಮ ಕೆಂಪು, ಹಸಿರು, ನೇರಳೆ ಎಲ್ಲ ಹೆಚ್ಚುಕಡಿಮೆ ಒಂದೇ ಬೂದಿ ಬಣ್ಣಕ್ಕೆ ತಿರುಗುತ್ತವೆ. ಮೊಬೈಲ್ ಇಲ್ಲದ ಕಾಲದಲ್ಲಿ ನಮ್ಮ ಅಜ್ಜಿ ಕಣ್ಣು ಅರ್ಧ ಮುಚ್ಚಿಕೊಂಡು ದೂರ ನಿಂತು ನೋಡುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಅವಳು ಮಾಡುತ್ತಿದ್ದದ್ದೂ ಇದೇ ಪರೀಕ್ಷೆ.

ಹಾಗಾಗಿ ನಿಮಗೆ ಬೇಕಾಗಿರುವುದು ಏಳನೇ ಸೀರೆಯಲ್ಲ, ತಿಳಿ ಬಟ್ಟೆ. ಮನೆಯಲ್ಲಿ ಹಳೆ ಧೋತರ ಇದೆಯಾ ನೋಡಿ. ಹತ್ತಾರು ವರ್ಷ ಒಗೆದು ಸ್ವಲ್ಪ ಹಳದಿಗೆ ತಿರುಗಿದ ಧೋತರದ ಬಿಳಿ ಇಳಕಲ್ ಬಣ್ಣಗಳ ಪಕ್ಕ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ ಅಂಗಡಿಯ ಹೊಸ ಬಿಳಿ ಬಟ್ಟೆ ಅದರ ಮುಂದೆ ಕಣ್ಣು ಚುಚ್ಚುತ್ತದೆ. ಧೋತರ ಇಲ್ಲದಿದ್ದರೆ ಪ್ರಿಂಟ್ ಇರುವ ಕಾಟನ್ ಸೀರೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಬಣ್ಣ ಮಾಸಿದಂತೆ ತೆಳುವಾಗಿರುತ್ತದೆ. ಆ ಬದಿಯನ್ನೇ ಮೇಲೆ ಮಾಡಿ ಹೊಲಿಯಿರಿ, ಯಾರೂ ಕೇಳುವುದಿಲ್ಲ.

ಈಗ ಲೆಕ್ಕ. 5 ಅಡಿ ಅಗಲ, 7 ಅಡಿ ಉದ್ದದ ಕೌದಿ ಅಂತ ಇಟ್ಟುಕೊಳ್ಳೋಣ. ಹೊಲಿದ ಮೇಲೆ 6 ಇಂಚು ಉಳಿಯುವ ಚೌಕಗಳಾದರೆ ಅಡ್ಡಕ್ಕೆ 10, ಉದ್ದಕ್ಕೆ 14, ಒಟ್ಟು 140. ಹೊಲಿಗೆಗೆ ಸುತ್ತ ಕಾಲು ಇಂಚು ಬೇಕು, ಆದ್ದರಿಂದ ಆರೂವರೆ ಇಂಚಿಗೆ ಕತ್ತರಿಸಬೇಕು. 45 ಇಂಚು ಅಗಲದ ಬಟ್ಟೆಯಾದರೆ ಒಂದು ಮೀಟರಿಗೆ 36 ಚೌಕ ಬರುತ್ತವೆ. ಚದುರಂಗದ ಮಣೆಯ ಹಾಗೆ ತಿಳಿ 70, ಕಡು 70 ಹಾಕಿದರೆ ಎಂದೂ ಕೆಡುವುದಿಲ್ಲ. ನಾನಾದರೆ ಕಡು 70, ತಿಳಿ 50 ಇಟ್ಟು ಉಳಿದ 20ನ್ನು ಕಣ್ಣಿಗೆ ಹೊಡೆಯುವ ಒಂದೇ ಬಣ್ಣಕ್ಕೆ ಬಿಡುತ್ತೇನೆ. ಅರಿಶಿನ ಹಳದಿ ಆಗಬಹುದು, ಗಿಣಿ ಹಸಿರು ಆಗಬಹುದು. ಆದರೆ ಅವನ್ನು ಒಂದೇ ಮೂಲೆಯಲ್ಲಿ ಗುಂಪು ಹಾಕಬೇಡಿ, ಒಗ್ಗರಣೆಯ ಸಾಸಿವೆಯಂತೆ ಅಲ್ಲಲ್ಲಿ ಸಿಗಬೇಕು. ಚಂದ್ರಕಾಳಿಯನ್ನೂ ಎಲ್ಲ ಕಡೆ ಹಂಚಿ. ಎರಡು ಕಪ್ಪು ಚೌಕ ಅಕ್ಕಪಕ್ಕ ಬಂದರೆ ದೂರದಿಂದ ತೂತು ಬಿದ್ದಂತೆ ಕಾಣುತ್ತದೆ.

ಸೆರಗಿನ ವಿಷಯ ಬೇರೆ. ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಇರುತ್ತದೆ. ಕತ್ತರಿ ತಾಗಿದ ಕೂಡಲೇ ಎಳೆ ಬಿಚ್ಚಿಕೊಳ್ಳಲು ಶುರು. ಇಳಕಲ್ಲಿನ ಸಾಂಪ್ರದಾಯಿಕ ಟೋಪ ತೆನಿ ಸೆರಗಿನ ಆ ಕೆಂಪು ಬಿಳಿಯನ್ನು ಬಿಡಲು ಮನಸ್ಸು ಬರುವುದಿಲ್ಲ ಅಲ್ವಾ? ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು ನಡುವಿಗೊಂದು ದೊಡ್ಡ ತುಂಡಾಗಿ ಹಾಕಿ. ದಡಿಗಳನ್ನು ಚೌಕಕ್ಕೆ ಕತ್ತರಿಸಬೇಡಿ, ಕೌದಿಯ ಸುತ್ತ ಅಂಚಾಗಿ ಇಡಿ. ಸುತ್ತಲಿಗೆ 24 ಅಡಿ ಸಾಕು. ಐದೂವರೆ ಮೀಟರಿನ ಒಂದು ಸೀರೆಯಲ್ಲಿ ಎರಡೂ ದಡಿ ಸೇರಿ 36 ಅಡಿ ಇರುತ್ತದೆ, ಕೆಳಗಿನ ದಡಿಯಲ್ಲಿ ಸವೆದದ್ದನ್ನು ಕಳೆದರೂ ಮುಟ್ಟುತ್ತದೆ.

ಸೀರೆ ಹಳೆಯದು. ಕೌದಿ ಮಾಡಿದ ಮೇಲೆ ಹರಿದುಹೋದರೆ ಅಂತ ಭಯ. ಯಾವ ಭಾಗ ತಗೊಳ್ಳಬೇಕು? ಮಗನ ಜೀನ್ಸ್ ಕೂಡ ರಾಶಿ ಇದೆ, ನಡುನಡುವೆ ಸೇರಿಸಲಾ?
(ತುಮಕೂರಿನ ಓದುಗರು)

ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಜಾಳಾದ ಜಾಗ ಜರಡಿಯಂತೆ ಕಾಣುತ್ತದೆ. ಎರಡೂ ಹೆಬ್ಬೆರಳಿನಿಂದ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಜಗ್ಗಿ. ಚರ್ ಅಂದರೆ ಅದು ಮೇಲಿನ ಪದರಕ್ಕೆ ಬೇಡ, ಒಳಗೆ ಹಾಕಿ. ಕೂರುವ ಕಡೆ, ಭುಜಕ್ಕೆ ಪಿನ್ ಚುಚ್ಚುವ ಕಡೆ, ಕೆಳ ಅಂಚು, ಇವು ಮೊದಲು ಸವೆಯುತ್ತವೆ. ಒಳಗೆ ಸಿಕ್ಕಿಸಿದ ಮೊದಲ ಸುತ್ತು ಎಷ್ಟೋ ಸಲ ಹೊಸದರಂತೆ ಉಳಿದಿರುತ್ತದೆ.

ಜೀನ್ಸ್ ಬೇಡ. ಅಂದರೆ ಸೀರೆಯ ಜೊತೆ ಬೇಡ. ದಪ್ಪ ಬಟ್ಟೆಯ ಪಕ್ಕ ಸವೆದ ತೆಳು ಬಟ್ಟೆ ಹೊಲಿದರೆ ಒಗೆದು ಹಿಂಡುವಾಗ ಭಾರವೆಲ್ಲ ತೆಳುವಿನ ಮೇಲೆ ಬಿದ್ದು ಹೊಲಿಗೆಯ ಗುಂಟ ಅದೇ ಬಿರಿಯುತ್ತದೆ. ಕೈಸೂಜಿಯೂ ಜೀನ್ಸಿನಲ್ಲಿ ಇಳಿಯುವುದಿಲ್ಲ. ಬೇಕಾದರೆ ಜೀನ್ಸಿನದೇ ಒಂದು ಜಮಖಾನ ಮಾಡಿ, ಮಗ ಟೆರೇಸಿನ ಮೇಲೆ ಹಾಸಿಕೊಳ್ಳಲಿ. ಪಾಲಿಯೆಸ್ಟರ್ ಸೀರೆಗೂ ಇದೇ ಮಾತು. ಬಣ್ಣ ಮಾಸದು ನಿಜ, ಆದರೆ ಬೆವರು ಹೀರುವುದಿಲ್ಲ, ಇಸ್ತ್ರಿ ಜೋರಾದರೆ ಕರಗಿ ಮುದುಡುತ್ತದೆ, ಹೊಲಿಯುವಾಗ ಕೈಯಿಂದ ಜಾರುತ್ತದೆ. ಟೀ ಶರ್ಟ್ ಬಟ್ಟೆ ಹಿಗ್ಗುತ್ತದೆ, ಚೌಕ ಕತ್ತರಿಸಿದರೆ ಚೌಕವಾಗಿ ಉಳಿಯುವುದಿಲ್ಲ.

ಕೆಂಪು ಬಟ್ಟೆ ಬಣ್ಣ ಬಿಟ್ಟರೆ? ಉಪ್ಪು ನೀರಿನಲ್ಲಿ ನೆನೆಸಿದರೆ ನಿಲ್ಲುತ್ತದಾ?

ಎಲ್ಲರೂ ಹಾಗೇ ಹೇಳುತ್ತಾರೆ. ನಾನೂ ನಂಬಿದ್ದೆ. ನನ್ನ ಮೊದಲ ಕೌದಿಯಲ್ಲಿ ಉಪ್ಪಿನಲ್ಲಿ ನೆನೆಸಿದ ಕೆಂಪು ಬಟ್ಟೆ ಮೊದಲ ಒಗೆತಕ್ಕೇ ಸುತ್ತಲಿನ ಬಿಳಿ ಚೌಕಗಳನ್ನೆಲ್ಲ ಗುಲಾಬಿ ಮಾಡಿತು, ಬಂದವರೆಲ್ಲ ಬೇಕಂತಲೇ ಮಾಡಿದ ಡಿಸೈನ್ ಅಂದುಕೊಂಡರು, ನಾನೂ ಸುಮ್ನೆ ಇದ್ದೆ. ಉಪ್ಪು, ವಿನೆಗರ್ ಎರಡರಿಂದಲೂ ಕೊಂಡ ಬಟ್ಟೆಯ ಬಣ್ಣ ಹೊಸದಾಗಿ ನಿಲ್ಲುವುದಿಲ್ಲ. ಕತ್ತರಿಸುವ ಮೊದಲೇ ಬಟ್ಟೆಯನ್ನು ಬೇರೆಯಾಗಿ ಒಗೆಯುತ್ತಾ ಹೋಗಿ, ನೀರು ತಿಳಿಯಾಗುವವರೆಗೆ. ಆಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಆಗಲೂ ಬಣ್ಣ ಹತ್ತಿದರೆ ಅದನ್ನು ಪಕ್ಕಕ್ಕಿಡಿ, ಎಷ್ಟೇ ಚೆಂದ ಇರಲಿ.

ಮಗಳು ಬಾಣಂತನಕ್ಕೆ ಬರುತ್ತಾಳೆ. ಕೂಸಿಗೆ ಹೊಸ ಬಟ್ಟೆಯಲ್ಲಿ ಕೌದಿ ಮಾಡಲಾ, ಹಳೆಯದರಲ್ಲಾ? ಬೀಗರು ಏನಂದುಕೊಳ್ಳುತ್ತಾರೋ ಅಂತ.
(ಪುಣೆಯಿಂದ ಒಬ್ಬ ಓದುಗರು)

ಹಳೆಯದರಲ್ಲೇ ಮಾಡಿ. ನೂರು ಸಲ ಒಗೆದ ಹತ್ತಿಯ ಮೆದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಬೀಗರ ಮನೆಯಲ್ಲೂ ಇದು ಗೊತ್ತಿರುತ್ತದೆ. ನಿಮ್ಮ ಕಾಟನ್ ಸೀರೆ, ಯಜಮಾನರ ಪಂಚೆ, ಸಾಧ್ಯವಾದರೆ ಅವರ ಕಡೆಯಿಂದಲೂ ಒಂದು ಸೀರೆ ಕೇಳಿ ತರಿಸಿ, ಮಾತೇ ಮುಗಿಯಿತು. ಜರಿ, ಗುಂಡಿ, ಮಣಿ ಏನೂ ಇರಬಾರದು. ಹೊಸ ಬಟ್ಟೆ ಸೇರಿಸಲೇಬೇಕು ಅಂದರೆ ಮೊದಲು ಒಗೆದು ಒಣಗಿಸಿ, ಇಲ್ಲವಾದರೆ ಹೊಲಿದ ಮೇಲೆ ಅದೊಂದೇ ಕುಗ್ಗಿ ಸುತ್ತಲಿನದೆಲ್ಲ ನೆರಿಗೆಯಾಗುತ್ತದೆ.

ತಿಳಿ ಬಣ್ಣವಾದರೆ ಒಳಪದರವೂ ಬಿಳಿಯೇ ಇರಲಿ. ಒಳಗೆ ಕಡು ಬಣ್ಣದ ಲಂಗದ ಬಟ್ಟೆ ಹಾಕಿದರೆ ಮೇಲಿನ ತೆಳು ಗುಲಾಬಿ, ತೆಳು ಹಳದಿ ಎಲ್ಲ ಕೊಳೆಯಾದಂತೆ ಕಾಣುತ್ತದೆ. ಇನ್ನೊಂದು ಮಾತು. ಕೂಸಿನ ಕೆಳಗೆ ಚಾಪೆಯ ಮೇಲೆ ಹಾಸಲು ಕೌದಿ ಬಳಸಿ. ವರ್ಷದೊಳಗಿನ ಮಗು ಮಲಗಿದಾಗ ಮೇಲೆ ಹೊದಿಸುವುದು ಬೇಡ, ಮುಖದ ಮೇಲೆ ಬಂದೀತು.

ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೌದಿ ನೋಡಿದೆ. ಒಂದು ತುಂಡಿನಂತೆ ಇನ್ನೊಂದಿಲ್ಲ, ಅಳತೆ ಇಲ್ಲ, ಆದರೂ ಏನು ಚೆಂದ! ಮೊದಲೇ ಬಣ್ಣದ ನಕ್ಷೆ ಹಾಕಿಕೊಳ್ಳುತ್ತಾರಾ?
(ಶಿವಮೊಗ್ಗದ ಓದುಗರು)

ಹಾಕಿಕೊಳ್ಳುವುದಿಲ್ಲ. ಅವರು ಅದಕ್ಕೆ ಕವಂದಿ ಅನ್ನುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಯರ ಹೊಲಿಗೆಯ ಕ್ರಮವೇ ನಮಗೆ ಉಲ್ಟಾ. ನಾವು ಮೇಲಿನ ತುಂಡುಗಳನ್ನೆಲ್ಲ ಮೊದಲು ಜೋಡಿಸಿ ಆಮೇಲೆ ಅಸ್ತರಕ್ಕೆ ಹೊಲಿಯುತ್ತೇವೆ. ಅವರು ಅಸ್ತರ ಹರವಿ ಅಂಚಿನಿಂದ ಶುರು ಮಾಡುತ್ತಾರೆ. ಒಂದು ತುಂಡಿನ ಬದಿ ಮಡಚಿ ಇಡುವುದು, ಅಲ್ಲೇ ಟಾಕಿ (ಕೈಹೊಲಿಗೆ) ಹಾಕುವುದು, ಮುಂದಿನದು ಇಡುವುದು. ಹೀಗೆ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಅಂದರೆ ಪ್ರತಿ ಬಣ್ಣವನ್ನೂ ಪಕ್ಕದ ಬಣ್ಣ ನೋಡಿಕೊಂಡೇ ಆರಿಸಿದ್ದು, ಕಾಗದ ನೋಡಿ ಅಲ್ಲ. ಜೊತೆಗೆ ಆ ಹೊಲಿಗೆಯ ಸಾಲುಗಳು ಇಡೀ ಕೌದಿಯ ಮೇಲೆ ಒಂದರ ಪಕ್ಕ ಒಂದು ಓಡುತ್ತವಲ್ಲ, ಎಷ್ಟೇ ಕಿತ್ತಾಡುವ ಬಣ್ಣ ಇದ್ದರೂ ಅವು ಹಿಡಿದು ಕೂರಿಸುತ್ತವೆ. ನಾಲ್ಕು ಮೂಲೆಗೆ ಪದರ ಪದರ ಮಡಚಿದ ತ್ರಿಕೋನ ಇರುತ್ತದೆ, ಅದು ಫುಲಾ. ಅದಿಲ್ಲದೆ ಕವಂದಿ ಮುಗಿದಂತಲ್ಲ.

ನೀವೂ ಮಾಡಿ ನೋಡಿ, ಆದರೆ ಮೊದಲ ಸಲ ದಿಂಬಿನ ಅಳತೆಯಲ್ಲಿ. ಅಳತೆ ಇಲ್ಲದೆ ಹೊಲಿಯುವುದು ಸುಲಭ ಅಂದುಕೊಂಡು ಕೂತಿದ್ದೆ. ಮೂರನೇ ಸುತ್ತಿಗೆ ನಡು ಉಬ್ಬಿ ಟೊಪ್ಪಿಯಾಯಿತು.

ದಾರ ಯಾವ ಬಣ್ಣ?

ಬಿಳಿ ಹತ್ತಿ ದಾರ, ಎರಡೆಳೆ. ಕಡು ಚೌಕದ ಮೇಲೆ ಹೊಲಿಗೆ ಎದ್ದು ಕಾಣಲಿ ಬಿಡಿ, ಅಷ್ಟು ದಿನ ಕೂತು ಹಾಕಿದ್ದನ್ನು ಮುಚ್ಚಿಡುವುದೇಕೆ? ಟಾಕಿ ಸೊಟ್ಟ ಬರುತ್ತದೆ ಅಂತ ನಾಚಿಕೆಯಾದರೆ ಬೂದಿ ಬಣ್ಣದ ದಾರ ತಗೊಳ್ಳಿ, ಕಡು ಬಟ್ಟೆಯ ಮೇಲೂ ತಿಳಿ ಬಟ್ಟೆಯ ಮೇಲೂ ಅಷ್ಟಾಗಿ ಕಾಣುವುದಿಲ್ಲ.