ಪ್ರಶ್ನೆ: ಫೇಸ್‌ಬುಕ್‌ನಲ್ಲಿ ಫೇಕ್ ಅಕೌಂಟಿನಿಂದ ಕಿರುಕುಳ ಕೊಡುತ್ತಿದ್ದಾರೆ. ಪೊಲೀಸ್ ದೂರಲ್ಲದೆ ಸಿವಿಲ್ ದಾವೆಯನ್ನೂ ಹಾಕಬಹುದಾ?

ಹಾಕಬಹುದು. ಎರಡೂ ಬೇರೆ ಬೇರೆ ದಾರಿ, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಕ್ರಿಮಿನಲ್ ಕೇಸು ಶಿಕ್ಷೆಗೆ. ಸಿವಿಲ್ ದಾವೆಯಲ್ಲಿ ನೀವು ಕೇಳುವುದು ತಡೆಯಾಜ್ಞೆ ಮತ್ತು ಪರಿಹಾರದ ಹಣ.

ನನ್ನ ಪ್ರಕಾರ ನಿಜವಾಗಿ ಕೆಲಸಕ್ಕೆ ಬರುವುದು ತಡೆಯಾಜ್ಞೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರ ಅಡಿ ದಾವೆಯ ಜೊತೆಗೇ ಮಧ್ಯಂತರ ಅರ್ಜಿ (ಅಂತಿಮ ತೀರ್ಪಿಗೆ ಮೊದಲೇ ತಾತ್ಕಾಲಿಕ ಆದೇಶ ಕೇಳುವ ಅರ್ಜಿ) ಹಾಕುತ್ತಾರೆ. ತುರ್ತು ಅನ್ನಿಸಿದರೆ ಎದುರಾಳಿಗೆ ನೋಟಿಸ್ ಹೋಗುವ ಮೊದಲೇ ಕೋರ್ಟ್ ಆದೇಶ ಕೊಡಬಹುದು. ಅಕೌಂಟ್ ಯಾರದ್ದು ಅಂತ ಗೊತ್ತಿಲ್ವಾ? ಅಂಥವರನ್ನು 'ಅಶೋಕ್ ಕುಮಾರ್' ಅಂತ ಕರೆದು ಪ್ರತಿವಾದಿ ಮಾಡುವ ರೂಢಿ ಇದೆ (ಆ ಹೆಸರಿನವರ ಪಾಡು ಪಾಪ!). ಫೇಸ್‌ಬುಕ್ ಕಂಪನಿಯನ್ನೂ ಪಾರ್ಟಿ ಮಾಡಿ. ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬಂದರೆ ಮಾತ್ರ ಇಂಥ ಕಂಪನಿಗಳು ಪೋಸ್ಟ್ ತೆಗೆಯಬೇಕು ಅಂದ ಸುಪ್ರೀಂ ಕೋರ್ಟಿನ 2015ರ ಶ್ರೇಯಾ ಸಿಂಘಾಲ್ ತೀರ್ಪು ಬಂದ ಮೇಲೆ ಇಂಥ ಕಂಪನಿಗಳು 'ಕೋರ್ಟ್ ಆದೇಶ ತನ್ನಿ' ಅನ್ನುವುದೇ ಜಾಸ್ತಿ.

ಜನ ಎಡವುವುದು ಸಾಕ್ಷ್ಯದಲ್ಲಿ. ದೆಹಲಿಯಲ್ಲಿ ನೌಕರನೊಬ್ಬ ಅಸಭ್ಯ ಇಮೇಲ್ ಕಳಿಸುತ್ತಿದ್ದಾನೆ ಅಂತ ಕಂಪನಿಯೊಂದು 2001ರಲ್ಲಿ ದಾವೆ ಹಾಕಿತ್ತು. ತಡೆಯಾಜ್ಞೆ ಬೇಗ ಸಿಕ್ಕಿತು. ಆದರೆ ವರ್ಷಗಳ ನಂತರ, ಆ ಇಮೇಲ್ ಅವನೇ ಕಳಿಸಿದ್ದು ಅಂತ ಸಾಬೀತು ಮಾಡಲಾಗದೆ ದಾವೆ ಬಿದ್ದುಹೋಯಿತು. ಹಾಗಾಗಿ ಸುಮ್ನೆ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಸಾಲದು. ಲಿಂಕು, ತಾರೀಖು, ಪ್ರೊಫೈಲ್ ವಿಳಾಸ ಎಲ್ಲ ಇರಲಿ. ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವೂ (ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪತ್ರ) ಬೇಕು.

ಮಾನನಷ್ಟಕ್ಕೆ ಪರಿಹಾರ ಕೇಳುವುದಾದರೆ ಪೋಸ್ಟ್ ಪ್ರಕಟವಾದ 1 ವರ್ಷದೊಳಗೆ ದಾವೆ ಹೂಡಬೇಕು. ಕರ್ನಾಟಕದಲ್ಲಿ ಕೇಳಿದ ಮೊತ್ತದ ಮೇಲೆ ಕೋರ್ಟ್ ಫೀ ಕಟ್ಟಬೇಕು. ಸಿಟ್ಟಿನಲ್ಲಿ '1 ಕೋಟಿ' ಅಂತ ಬರೆಸುವ ಮುಂಚೆ ವಕೀಲರ ಹತ್ತಿರ ಲೆಕ್ಕ ಹಾಕಿಸಿ.