ಭಾನುವಾರದ ಮೂರನೇ ಆಟ

ಓದುಗರ ಪ್ರಶ್ನೆಗಳಿಗೆ ಉತ್ತರ

ಊರಿಗೆಲ್ಲ ರಜೆ ಇರುವ ದಿನವೇ ಸರ್ಕಸ್ಸಿನವರಿಗೆ ವಾರದ ಅತಿ ಉದ್ದನೆಯ ದಿನ. ಬಂದ ಪತ್ರಗಳಲ್ಲಿ ಭಾನುವಾರವನ್ನೇ ಕುರಿತ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಟ್ರಪೀಜ್ ಮೇಲೆ ಒಬ್ಬಳೇ ಕಸರತ್ತು ಮಾಡುತ್ತೇನೆ. ವಾರದ ದಿನಗಳಲ್ಲಿ ಒಂದು ಆಟ, ಭಾನುವಾರ ಮೂರು. ಮೊದಲೆರಡು ಸಲೀಸಾಗಿ ಮುಗಿಯುತ್ತವೆ. ಮೂರನೆಯದಕ್ಕೆ ಹಿಡಿತ ಜಾರುತ್ತದೆ, ಅಂಗೈ ಚರ್ಮ ಕಿತ್ತು ಬರುತ್ತದೆ. ನಡುವಿನ ಹೊತ್ತಿನಲ್ಲಿ ಏನು ಮಾಡಬೇಕು?

ಉತ್ತರ: ಜಾರುತ್ತಿರುವುದು ಬೆವರಿಗೋ, ಮುಂಗೈ ಸೋತಿದ್ದಕ್ಕೋ ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಎರಡಕ್ಕೂ ಮದ್ದು ಬೇರೆ. ಟ್ರಪೀಜ್‌ನ ಪಟ್ಟಿ, ಅಂದರೆ ಕೈಯಲ್ಲಿ ಹಿಡಿದು ತೂಗುವ ಅಡ್ಡಕೋಲು, ಅಂಗೈಯಲ್ಲಿ ಸುತ್ತಿದಂತೆ ಜಾರಿದರೆ ಅದು ಬೆವರು. ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದರೆ ಅದು ಸ್ನಾಯುವಿನ ದಣಿವು.

ಬೆವರಿನ ವಿಷಯಕ್ಕೆ ಬಂದರೆ, ಬಿಸಿ ಗಾಳಿ ಮೇಲಕ್ಕೇರಿ ಡೇರೆಯ ನೆತ್ತಿಯಲ್ಲಿ ನಿಲ್ಲುತ್ತದೆ. ಕೆಳಗಿರುವವರಿಗೆ ಹಿತವಾಗಿದ್ದರೂ ನಿಮ್ಮ ಎತ್ತರದಲ್ಲಿ ಸೆಕೆ ಹೆಚ್ಚೇ ಇರುತ್ತದೆ. ಅದಕ್ಕೆಂದು ಬೆವರು ಹೀರುವ ಬಿಳಿ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿಯನ್ನು ಪದರದ ಮೇಲೆ ಪದರ ಹಚ್ಚಿದರೆ ಅದು ಬೆವರಿನ ಜೊತೆ ಕಲಸಿ ಹಿಟ್ಟಾಗಿ ಇನ್ನಷ್ಟು ಜಾರುತ್ತದೆ. ಪ್ರತಿ ಆಟಕ್ಕೂ ಮುಂಚೆ ಸೋಪಿನಿಂದ ಕೈ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಒಂದೇ ಸಲ ಹಚ್ಚಿ, ಹೆಚ್ಚಿನದನ್ನು ಕೊಡವಿ. ಪಟ್ಟಿಗೆ ಸುತ್ತಿದ ಟೇಪಿನ ಮೇಲೆ ಕೂತ ಹಳೆಯ ಪುಡಿಯನ್ನೂ ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಹೊಸ ಟೇಪನ್ನು ಮಾತ್ರ ಭಾನುವಾರ ಸುತ್ತಬೇಡಿ. ಕೈಗೆ ಅದು ಬೇರೆಯದೇ ಪಟ್ಟಿಯಂತೆ ಅನ್ನಿಸುತ್ತದೆ. ಆ ಕೆಲಸಕ್ಕೆ ಅಭ್ಯಾಸದ ದಿನವೇ ಸರಿ.

ದಣಿವಿನ ಲೆಕ್ಕ ಹೀಗಿದೆ. ನೆಟ್ಟಗಿನ ಗೆರೆಯಿಂದ 60 ಡಿಗ್ರಿಯವರೆಗೆ ತೂಗಿ ಬಂದರೆ ತೀರಾ ಕೆಳಗಿನ ಬಿಂದುವಿನಲ್ಲಿ ಕೈ ಹೊರುವುದು ದೇಹತೂಕದ ಎರಡರಷ್ಟು, 90 ಡಿಗ್ರಿಗೆ ಹೋದರೆ ಮೂರರಷ್ಟು. ಅಂದರೆ 50 ಕಿಲೋ ತೂಗುವವರ ಕೈಗೆ ಪ್ರತಿ ತೂಗಿಗೂ 100ರಿಂದ 150 ಕಿಲೋ. ಮೂರನೇ ಆಟದಲ್ಲಿ ಆರಂಭದ ತೂಗುಗಳನ್ನು ಎರಡು ಕಡಿಮೆ ಮಾಡಿದರೂ ಉಳಿತಾಯ ಸಣ್ಣದಲ್ಲ.

ಆಟ ಮುಗಿದೊಡನೆ ಕುಸಿದು ಕೂರಬೇಡಿ. ಐದು ನಿಮಿಷ ಓಡಾಡಿ, ಬೆವರಿದ ಉಡುಪು ಬದಲಿಸಿ, ಭುಜ ಮತ್ತು ಮುಂಗೈ ಬೆಚ್ಚಗಿರುವಂತೆ ಏನನ್ನಾದರೂ ಹೊದೆಯಿರಿ. ಊಟ ಮಾಡುವುದಾದರೆ ಮುಂದಿನ ಆಟಕ್ಕೆ ಎರಡು ಗಂಟೆಯಾದರೂ ಇರಬೇಕು. ಅಷ್ಟು ಬಿಡುವಿಲ್ಲದಿದ್ದರೆ ಬೇಗ ಅರಗುವ ಪಿಷ್ಟದ ತಿನಿಸು ಸ್ವಲ್ಪ, ಅಷ್ಟೇ. ತುಂಬಿದ ಹೊಟ್ಟೆಯಲ್ಲಿ ತಲೆಕೆಳಗಾದರೆ ಹುಳಿ ಗಂಟಲಿಗೆ ಬರುತ್ತದೆ, ಗಮನ ಅಲ್ಲಿಗೇ ಹೋಗುತ್ತದೆ. ನೀರನ್ನು ಒಮ್ಮೆಲೇ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಿರಿ. ಮಲಗಿದರೆ 20 ನಿಮಿಷ ಸಾಕು. ಗಾಢ ನಿದ್ದೆಗೆ ಜಾರಿ ಎದ್ದವರ ಕೈಕಾಲು ಅರ್ಧ ಗಂಟೆಯವರೆಗೂ ಮಂಕಾಗಿರಬಹುದು. ಹೊರಡುವ 20 ನಿಮಿಷ ಮುಂಚೆ ಮತ್ತೆ ಮೊದಲಿನಿಂದ ಮೈ ಕಾಯಿಸಿ: ಮಣಿಕಟ್ಟು, ಭುಜ, ನೇತಾಡಿ ಭುಜದ ಹಲಗೆಯನ್ನಷ್ಟೇ ಮೇಲೆಳೆಯುವುದು, ಆಮೇಲೆ ಸಣ್ಣ ತೂಗು. ಬೆಳಿಗ್ಗೆ ಮಾಡಿದ್ದು ಸಂಜೆಗೆ ಉಳಿದಿರುವುದಿಲ್ಲ. ಒಂದೇ ಭಂಗಿಯಲ್ಲಿ ಒಂದು ನಿಮಿಷಕ್ಕೂ ಹೆಚ್ಚು ಎಳೆದು ಹಿಡಿಯುವ ವ್ಯಾಯಾಮ ಸ್ನಾಯುವಿನ ಬಲವನ್ನು ತಾತ್ಕಾಲಿಕವಾಗಿ ತಗ್ಗಿಸುತ್ತದೆ. ಅದನ್ನು ರಾತ್ರಿಗೆ ಇಟ್ಟುಕೊಳ್ಳಿ.

ಅಂಗೈ ಕಿತ್ತು ಬರುವುದಕ್ಕೆ ಕಾರಣ ಉಬ್ಬಿದ ಜಡ್ಡು. ಪಟ್ಟಿ ಅದರ ಅಂಚನ್ನು ಹಿಡಿದು ಎಳೆಯುತ್ತದೆ. ಶನಿವಾರ ರಾತ್ರಿ ಸ್ನಾನವಾದ ಮೇಲೆ, ಚರ್ಮ ಮೆತ್ತಗಿರುವಾಗ ಉಜ್ಜುಗಲ್ಲಿನಿಂದ ಸುತ್ತಲಿನ ಚರ್ಮದ ಮಟ್ಟಕ್ಕೆ ತನ್ನಿ. ಪೂರ್ತಿ ತೆಗೆದುಬಿಟ್ಟರೆ ಕೆಳಗಿನ ಎಳೆ ಚರ್ಮ ಬೊಬ್ಬೆ ಏಳುತ್ತದೆ. ಕಿತ್ತೇ ಹೋದರೆ ಸೋಪು ನೀರಿನಲ್ಲಿ ತೊಳೆದು, ಜೋತಾಡುವ ಚರ್ಮವನ್ನಷ್ಟೇ ಶುದ್ಧ ಕತ್ತರಿಯಿಂದ ಕತ್ತರಿಸಿ, ಸುಕ್ಕಾಗದಂತೆ ಟೇಪು ಹಾಕಿ. ಎರಡೂ ಅಂಗೈ ಹಸಿಯಾಗಿದ್ದರೆ ಕೈಯಲ್ಲಿ ತೂಗುವ ವರಸೆಗಳನ್ನು ಬಿಟ್ಟು ಮೊಣಕಾಲಿನವು ಮಾತ್ರ. ಯಾವ ವರಸೆ ಬಿಡುವುದು ಎಂಬುದನ್ನು ಬೆಳಿಗ್ಗೆಯೇ ಬರೆದಿಟ್ಟಿರಿ. ಮೇಲೆ ಹತ್ತಿದ ಮೇಲೆ, ಚಪ್ಪಾಳೆ ಕೇಳುತ್ತಿರುವಾಗ, ಆ ತೀರ್ಮಾನ ಸರಿಯಾಗಿ ಆಗುವುದಿಲ್ಲ.

ಪ್ರಶ್ನೆ: ಶುಕ್ರವಾರ ನೋಡಿದಾಗ ಗಾಳಿಯಲ್ಲಿ ಮೂರು ಪಲ್ಟಿ ಹೊಡೆದವರು ಭಾನುವಾರ ರಾತ್ರಿ ಎರಡಕ್ಕೇ ನಿಲ್ಲಿಸಿದರು. ಟಿಕೆಟ್ಟಿನ ಬೆಲೆ ಒಂದೇ ಅಲ್ಲವೇ?

ಉತ್ತರ: ಬೆಲೆ ಒಂದೇ, ನಿಜ. ಆದರೆ ನೀವು ಕಂಡದ್ದು ಮೈಗಳ್ಳತನವಲ್ಲ, ಒಳ್ಳೆಯ ತಂಡದ ಲಕ್ಷಣ. ಜೂಲ್ಸ್ ಲಿಯೊಟಾರ್ಡ್ 1859ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಟ್ರಪೀಜ್‌ನಿಂದ ಇನ್ನೊಂದಕ್ಕೆ ಹಾರಿ ತೋರಿಸಿದರು. ಅಲ್ಲಿಂದ ಮಿಗೆಲ್ ವಾಸ್ಕೆಸ್ 1982ರಲ್ಲಿ ಪ್ರೇಕ್ಷಕರ ಮುಂದೆ ನಾಲ್ಕು ಪಲ್ಟಿ ಹೊಡೆದು ತಮ್ಮ ಅಣ್ಣನ ಕೈ ಸೇರಲು ನೂರಿಪ್ಪತ್ತಮೂರು ವರ್ಷ ಹಿಡಿಯಿತು. ಮೂರನೇ ಪಲ್ಟಿಗೆ ಬೇಕಾದ ಎತ್ತರ ಪಟ್ಟಿ ಬಿಡುವ ಕ್ಷಣದಲ್ಲೇ ನಿರ್ಧಾರವಾಗುತ್ತದೆ. ತುಸು ತಡವಾಗಿ ಬಿಟ್ಟರೆ, ಎದುರಿನ ಟ್ರಪೀಜ್‌ನಿಂದ ಹಿಡಿಯುವವರ ಕೈಗೆ ಮಣಿಕಟ್ಟಿನ ಬದಲು ಬೆರಳು ಸಿಗುತ್ತದೆ, ಇಲ್ಲವೇ ಮೊಣಕಾಲು ಮುಖಕ್ಕೆ ಬಡಿಯುತ್ತದೆ. ಬಲೆ ಇದೆಯಲ್ಲ ಎನ್ನಬಹುದು. ಬಲೆಗೆ ಬೆನ್ನು ಕೊಟ್ಟೇ ಬೀಳಬೇಕು. ಪಲ್ಟಿಯ ನಡುವೆ ದಿಕ್ಕು ತಪ್ಪಿದವರಿಗೆ ಬೆನ್ನು ಯಾವ ಕಡೆ ಎಂದು ತಿಳಿಯುವುದಿಲ್ಲ. ಎರಡಕ್ಕೆ ನಿಲ್ಲಿಸಿದ್ದನ್ನು ಕಂಡರೆ ದಯವಿಟ್ಟು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿ.

ಪ್ರಶ್ನೆ: ಶನಿವಾರ ರಾತ್ರಿ ಮಳೆ ಬಂತು. ಭಾನುವಾರ ಬೆಳಿಗ್ಗೆ ನಾನು ನಡೆಯುವ ಉಕ್ಕಿನ ತಂತಿ ಸಡಿಲವಾಗಿತ್ತು. ಟರ್ನ್‌ಬಕಲ್ (ತಂತಿಯನ್ನು ಎಳೆದು ಬಿಗಿಮಾಡುವ ತಿರುಪು) ತಿರುಗಿಸಿ ಬಿಗಿ ಮಾಡಿದೆವು, ಎರಡನೇ ಆಟಕ್ಕೆ ಮತ್ತೆ ಸಡಿಲ. ತಂತಿ ಹಳೆಯದಾಯಿತೇ?

ಉತ್ತರ: ತಂತಿಯ ಮೇಲೆ ಸಂಶಯ ಪಡುವ ಮುಂಚೆ ಗೂಟ ನೋಡಿ. ನೆನೆದ ಉಕ್ಕು ಹಿಗ್ಗುವುದಿಲ್ಲ, ನೆನೆದ ಮಣ್ಣು ಬಿಟ್ಟುಕೊಡುತ್ತದೆ. ಗೂಟ ಮಣ್ಣನ್ನು ಮುಟ್ಟುವಲ್ಲಿ ಬಣ್ಣದ ಗೆರೆ ಎಳೆದು, ಒಬ್ಬರನ್ನು ತಂತಿಯ ಮಧ್ಯಕ್ಕೆ ಕಳಿಸಿ. ಗೆರೆ ಒಂದು ಬೆರಳಿನಷ್ಟು ಸರಿದರೂ ಕಾರಣ ಅದೇ. ಆಗ ಬಿಗಿ ಮಾಡುವುದೆಂದರೆ ಕೀಳುತ್ತಿರುವ ಗೂಟವನ್ನು ನೀವೇ ಇನ್ನಷ್ಟು ಕೀಳುವುದು. ಎಳೆತವನ್ನು ಪೂರ್ತಿ ಬಿಟ್ಟು, ಅದೇ ಸಾಲಿನಲ್ಲಿ ಹಿಂದೆ ಇನ್ನೊಂದು ಗೂಟವನ್ನು ತಂತಿಯಿಂದ ಆಚೆಗೆ ವಾಲಿಸಿ ಹೊಡೆದು, ಮುಂದಿನದರ ತಲೆಯನ್ನು ಹಿಂದಿನದರ ಬುಡಕ್ಕೆ ಕಟ್ಟಿ. ನಂತರವೇ ಬಿಗಿ ಮಾಡಿ. ಹೊಸ ಗೂಟವನ್ನು ಪಕ್ಕದಲ್ಲೇ ಇರುವ, ಮಣ್ಣು ತೇವವಾದ ಹಳೆಯ ಕುಳಿಗೆ ಹೊಡೆಯಬೇಡಿ.

ಅಷ್ಟಾದ ಮೇಲೆ ತಂತಿಯ ಕುಣಿಕೆಯಲ್ಲಿರುವ ಕ್ಲಾಂಪುಗಳನ್ನು ನೋಡಿ. ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಬೋಲ್ಟು ಕತ್ತರಿಸಿದ ತುದಿಯ ಕಡೆ, ಅಗಲವಾದ ತಟ್ಟು ಭಾರ ಹೊರುವ ಎಳೆಯ ಕಡೆ ಇರಬೇಕು. ತಿರುಗುಮುರುಗಾದರೆ ಬೋಲ್ಟು ಭಾರದ ಎಳೆಯನ್ನೇ ಜಜ್ಜುತ್ತದೆ. ಮೊದಲ ಭಾರ ಬಿದ್ದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಲೇಬೇಕು, ಬಹಳ ಮಂದಿ ಮರೆಯುವುದು ಇದನ್ನೇ. ಟರ್ನ್‌ಬಕಲ್‌ಗೆ ತಿರುಗದಂತೆ ಬೀಗದ ತಂತಿ ಕಟ್ಟಿ. ಮುರಿದ ಎಳೆ ಕಂಡರೆ, ತಂತಿ ಮಡಿಚಿ ಮುರುಟಿದ್ದರೆ ಅಥವಾ ಅದರ ಎಳೆಗಳು ಬಿಚ್ಚಿ ಪಂಜರದಂತೆ ಉಬ್ಬಿದ್ದರೆ, ಆ ತಂತಿಯ ಮೇಲೆ ಅಂದು ಯಾರೂ ಹತ್ತಬಾರದು.

ಪ್ರಶ್ನೆ: ಮಗ ಸರ್ಕಸ್ಸಿಗೆ ಸೇರುತ್ತಿದ್ದಾನೆ. ಕ್ಯಾಂಪಿನ ಕೊನೆಯ ಭಾನುವಾರ ರಾತ್ರಿ ಆಟ ಮುಗಿದ ಮೇಲೆ ಡೇರೆ ಬಿಚ್ಚಲೂ ನಿಲ್ಲಬೇಕಂತೆ. ಏನು ಹೇಳಿ ಕಳಿಸಲಿ?

ಉತ್ತರ: ಮೂರು ಆಟ ಆಡಿದ ಮೈಯಲ್ಲಿ ಭಾರ ಎತ್ತುವ ರಾತ್ರಿ ಅದು, ನಿಮ್ಮ ಕಾಳಜಿ ಸಹಜ. ಕೊನೆಯ ಪ್ರೇಕ್ಷಕರು ಹೊರಗೆ ಹೋಗುವವರೆಗೆ ಒಂದು ಹಗ್ಗವನ್ನೂ ಬಿಚ್ಚಬಾರದು. ಅವನು ಮೊದಲು ಉಡುಪು ಬದಲಿಸಿ, ಏನಾದರೂ ತಿಂದು, ಗಟ್ಟಿ ಮೂತಿಯ ಬೂಟು, ಕೈಗವಸು, ಹೆಲ್ಮೆಟ್ ಹಾಕಿಕೊಳ್ಳಲಿ. ತನ್ನ ಪ್ರಾಣ ಹೊರುವ ಸಲಕರಣೆಯನ್ನು ತಾನೇ ಇಳಿಸಿ ತಾನೇ ಪೆಟ್ಟಿಗೆಗೆ ಹಾಕಲಿ. ಬೇರೆಯವರು ಗಡಿಬಿಡಿಯಲ್ಲಿ ತುಂಬಿದ್ದರಲ್ಲಿ ಏನು ಜಜ್ಜಿದೆ ಎಂದು ಮುಂದಿನ ಊರಿನಲ್ಲಿ ಗೊತ್ತಾಗುವುದಿಲ್ಲ. ಒದ್ದೆ ಹಗ್ಗ ಬೂಷ್ಟು ಹಿಡಿಯುತ್ತದೆ, ಅದನ್ನು ಬೇರೆ ಚೀಲದಲ್ಲಿಟ್ಟು ಇಳಿದ ಕೂಡಲೇ ಹರಡಬೇಕು.

ಡೇರೆ ಬಿಚ್ಚುವಾಗ ಕುರ್ಚಿ, ದೀಪ, ಆಟದ ಅಂಗಳದ ಸುತ್ತಿನ ಅಂಚು ಹೋದ ಮೇಲೆ ಪಕ್ಕದ ಪರದೆ, ಆಮೇಲೆ ನಡುವಿನ ಆನುಗಂಬಗಳು, ಆಮೇಲೆ ಚಾವಣಿ. ದೊಡ್ಡ ಕಂಬ ಕೊನೆಗೆ. ಚಾವಣಿ ನೆಲ ಮುಟ್ಟುವ ತನಕ ಸುತ್ತಲಿನ ಗೂಟ ಕೀಳುವಂತಿಲ್ಲ. ಪಕ್ಕದ ಪರದೆ ಅರ್ಧ ತೆಗೆದಿದ್ದಾಗ ಗಾಳಿ ಒಳನುಗ್ಗಿದರೆ ಇಡೀ ಚಾವಣಿ ಎದ್ದುಬಿಡುತ್ತದೆ, ಗಾಳಿ ಜೋರಿದ್ದರೆ ಕಾಯುವುದೇ ಕೆಲಸ. ಮತ್ತೊಂದು ಮಾತನ್ನು ಖಂಡಿತವಾಗಿ ಹೇಳಿ: ಆ ರಾತ್ರಿ ಅವನು ಗಾಡಿ ಓಡಿಸಬಾರದು. ಸತತ 17 ಗಂಟೆ ಎಚ್ಚರವಿದ್ದವರ ಚುರುಕು ರಕ್ತದಲ್ಲಿ ಶೇಕಡ 0.05 ಮದ್ಯಾಂಶ ಇರುವವರ ಮಟ್ಟಕ್ಕೆ ಇಳಿದಿರುತ್ತದೆ. ಮಲಗಿದ್ದವರು ಓಡಿಸಲಿ.

ಪ್ರಶ್ನೆ: ಭಾನುವಾರ ಜನ ಹೆಚ್ಚಾದರೆ ಓಡಾಡುವ ದಾರಿಯಲ್ಲೂ ಕುರ್ಚಿ ಹಾಕುತ್ತಾರೆ. ನಾವು ಕಲಾವಿದರು, ಹೇಳಿದರೆ ಯಾರು ಕೇಳುತ್ತಾರೆ?

ಉತ್ತರ: ಹೇಳಲೇಬೇಕು. ಬ್ರೆಜಿಲ್ಲಿನ ನಿಟೆರಾಯ್‌ನಲ್ಲಿ 1961ರ ಡಿಸೆಂಬರ್ 17ರಂದು ಸರ್ಕಸ್ ಡೇರೆಗೆ ಬೆಂಕಿ ಬಿದ್ದು ಐನೂರಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಬಹಳ ಮಕ್ಕಳು. ಅದೂ ಒಂದು ಭಾನುವಾರವೇ, ಡೇರೆ ಕಿಕ್ಕಿರಿದಿತ್ತು. ಬಾಗಿಲು ತೆರೆಯುವ ಮುಂಚೆ ನಿಮ್ಮ ತಂಡದ ಇಬ್ಬರು ಪ್ರತಿ ದಾರಿಯಲ್ಲೂ ನಡೆದು ಹೊರಬಾಗಿಲು ಮುಟ್ಟಿ ಬನ್ನಿ. ಪರದೆ ಕಟ್ಟಿದ್ದರೆ ಬಿಚ್ಚಿ, ಕುರ್ಚಿ ಇದ್ದರೆ ಎತ್ತಿ. ಜನ ಕೂತ ಮೇಲೆ ಎಬ್ಬಿಸುವುದು ಕಷ್ಟ, ಆದ್ದರಿಂದ ಮೂರೂ ಆಟಕ್ಕೆ ಮುಂಚೆ ಬೇರೆ ಬೇರೆಯಾಗಿ ನೋಡಬೇಕು. ಕುರ್ಚಿ ಮತ್ತೆ ಬಂದಿದ್ದರೆ, ದಾರಿ ತೆರವಾಗುವವರೆಗೆ ಮೊದಲ ವರಸೆ ಶುರುವಾಗುವುದಿಲ್ಲ ಎಂದು ಎಲ್ಲ ಕಲಾವಿದರೂ ಒಟ್ಟಾಗಿ ಮ್ಯಾನೇಜರಿಗೆ ತಿಳಿಸಿ.